ಬಿಸಿಗೆ ಎದುರು ಹರಿಯುವ ರಕ್ತ

ಗಂಡಸಿನ ದೇಹದಲ್ಲಿ ಪ್ರಾಸ್ಟೇಟ್ ಗ್ರಂಥಿ ಕೂತಿರುವ ಜಾಗವೇ ತಕರಾರಿನದು. ಮೇಲೆ ಮೂತ್ರಕೋಶ, ಹಿಂದೆ ಕೆಲವೇ ಮಿಲಿಮೀಟರ್ ಅಂತರದಲ್ಲಿ ಗುದನಾಳ, ಕೆಳಗೆ ಮೂತ್ರವನ್ನು ಹಿಡಿದಿಡುವ ಸ್ನಾಯು, ನಟ್ಟನಡುವೆ ಗ್ರಂಥಿಯನ್ನೇ ಸೀಳಿಕೊಂಡು ಹೋಗುವ ಮೂತ್ರನಾಳ. ಯೌವನದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಆಮೇಲೆ ಬಹಳಷ್ಟು ಜನರಲ್ಲಿ ಬೆಳೆಯುತ್ತಾ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಐವತ್ತರಿಂದ ಅರವತ್ತರ ನಡುವಿನ ಗಂಡಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ, ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಮಂದಿಗಿಂತ ಹೆಚ್ಚಿನವರಲ್ಲಿ ಈ ಬೆಳವಣಿಗೆ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ನಡುವಿನ ನಾಳವನ್ನು ಒತ್ತಿ ಹಿಡಿಯುತ್ತದೆ. ರಾತ್ರಿ ನಾಲ್ಕೈದು ಸಲ ಎದ್ದು ಹೋಗುವುದು, ಹೋದರೂ ಸರಿಯಾಗಿ ಬಾರದಿರುವುದು, ಬಂದರೂ ಪೂರ್ತಿ ಆಯಿತು ಅನ್ನಿಸದಿರುವುದು: ಮನೆಯ ಹಿರಿಯರು ಯಾರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಳ್ಳುವ ತೊಂದರೆ.

ಮಾತ್ರೆಗಳಿಂದ ತಗ್ಗದಿದ್ದಾಗ ಶಸ್ತ್ರಚಿಕಿತ್ಸೆ. ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗ್ರಂಥಿಯ ಒಳಭಾಗವನ್ನು ಚೂರು ಚೂರಾಗಿ ಕೆತ್ತಿ ತೆಗೆಯುವ ಟಿಯುಆರ್‌ಪಿ ಬಹಳ ಕಾಲದಿಂದ ಎಲ್ಲ ಹೊಸ ವಿಧಾನಗಳಿಗೂ ಅಳತೆಗೋಲು. ಫಲ ಚೆನ್ನಾಗಿದೆ. ಆದರೆ ಅರಿವಳಿಕೆ ಬೇಕು, ರಕ್ತ ಹೋಗುತ್ತದೆ, ಆಸ್ಪತ್ರೆಯಲ್ಲಿ ಉಳಿಯಬೇಕು. ಹೃದಯದ ತೊಂದರೆ ಇರುವ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಎಪ್ಪತ್ತೈದರ ಹಿರಿಯರಿಗೆ ಇದು ಸಣ್ಣ ಮಾತಲ್ಲ. ಕೆತ್ತುವ ಬದಲು ಒಳಗೇ ಬಿಸಿ ಮಾಡಿ ಆ ಮಾಂಸವನ್ನು ಸಾಯಿಸಿದರೆ, ದೇಹವೇ ಅದನ್ನು ವಾರಗಳಲ್ಲಿ ಕರಗಿಸಿಕೊಳ್ಳುವುದಿಲ್ಲವೇ? 1980ರ ದಶಕದಲ್ಲಿ ಈ ಯೋಚನೆ ಗಟ್ಟಿಯಾಯಿತು. ಫ್ರಾನ್ಸ್‌ನ ಲಿಯಾನ್ ನಗರದಲ್ಲಿ ತಯಾರಾದ ಪ್ರಾಸ್ಟಾಟ್ರಾನ್ ಯಂತ್ರ 1990ರ ದಶಕದ ಆರಂಭದಲ್ಲಿ ಯುರೋಪಿನ ಆಸ್ಪತ್ರೆಗಳಿಗೆ ಬಂತು. 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಯಂತ್ರದ ತತ್ವ ಸರಳ. ಮೂತ್ರನಾಳದೊಳಗೆ ತೂರಿಸುವ ಕ್ಯಾಥೆಟರ್ ಎಂಬ ನಳಿಗೆಯ ಒಳಗೆ ಒಂದು ಪುಟ್ಟ ಆಂಟೆನಾ. ಅದು ಹೊರಸೂಸುವ ಮೈಕ್ರೋವೇವ್‌ಗೆ ಗ್ರಂಥಿಯ ಮಾಂಸದಲ್ಲಿರುವ ನೀರಿನ ಅಣುಗಳು, ಲವಣಗಳು ಅಲುಗಾಡಿ ಬಿಸಿಯಾಗುತ್ತವೆ. ಪ್ರಾಸ್ಟಾಟ್ರಾನ್ ಬಳಸಿದ್ದು 1296 ಮೆಗಾಹರ್ಟ್ಸ್, ಆಮೇಲೆ ಬಂದ ಹಲವು ಯಂತ್ರಗಳು 915ರ ಆಸುಪಾಸಿನವು. ಗಾಳಿಯಲ್ಲಿ 33 ಸೆಂಟಿಮೀಟರ್ ಉದ್ದವಿರುವ 915 ಮೆಗಾಹರ್ಟ್ಸ್ ಅಲೆ ನೀರು ತುಂಬಿದ ಮಾಂಸದೊಳಗೆ ನಾಲ್ಕೈದು ಸೆಂಟಿಮೀಟರಿಗೆ ಕುಗ್ಗುತ್ತದೆ. ಆಂಟೆನಾದ ಹತ್ತಿರ ಶಕ್ತಿ ಹೆಚ್ಚು, ದೂರ ಹೋದಂತೆ ಬೇಗ ಕಡಿಮೆ. ಹಾಗೆ ಬಿಟ್ಟರೆ ಮೊದಲು ಸುಡುವುದು ಮೂತ್ರನಾಳದ ಒಳಪೊರೆ. ನೋವಿನ ನರಗಳು ದಟ್ಟವಾಗಿರುವುದೂ ಅಲ್ಲೇ. ಅದಕ್ಕೆ ಕ್ಯಾಥೆಟರ್‌ನ ಗೋಡೆಯೊಳಗೆ ತಣ್ಣೀರು ಹರಿಸುತ್ತಾರೆ. ಹೀಗೆ ಒಂದೇ ನಳಿಗೆ ಒಳಗಿನಿಂದ ಕಾಯಿಸುತ್ತದೆ, ಒಳಗಿನಿಂದಲೇ ತಣಿಸುತ್ತದೆ. ಅತಿ ಹೆಚ್ಚಿನ ಬಿಸಿ ನಾಳದ ಗೋಡೆಯಲ್ಲಿರದೆ ಕೆಲವು ಮಿಲಿಮೀಟರ್ ಆಳದಲ್ಲಿರುತ್ತದೆ. ಅಲ್ಲಿ 45 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಗುದನಾಳದ ಗೋಡೆ ಮಾತ್ರ ಬೆಚ್ಚಗಾಗುವುದಕ್ಕಿಂತ ಹೆಚ್ಚು ಆಗಬಾರದು. ಎರಡರ ನಡುವೆ ಇರುವುದು ಒಂದೆರಡು ಸೆಂಟಿಮೀಟರ್.

ಒಳಗೆ ಎಷ್ಟು ಬಿಸಿಯಾಗಿದೆ ಎಂದು ಅಳೆದು ನೋಡಬಹುದಲ್ಲ ಎಂದರೆ, ನೋಡಬಹುದು, ಸೂಜಿ ಚುಚ್ಚಿದಷ್ಟು ಕಡೆ ಮಾತ್ರ. ಲೋಹದ ತಂತಿಯ ಮಾಪಕ ಮೈಕ್ರೋವೇವ್‌ನಲ್ಲಿ ತಾನೇ ಕಾಯುತ್ತದೆ, ಸುಳ್ಳು ಅಂಕಿ ಕೊಡುತ್ತದೆ. ಹಾಗಾಗಿ ಆಪ್ಟಿಕಲ್ ಫೈಬರ್ ಮಾಪಕಗಳು ಬೇಕು. ಅಮೆರಿಕದ ಮೇಯೋ ಕ್ಲಿನಿಕ್‌ನ ಥೇನ್ ಲಾರ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೋಗಿಗಳ ಗ್ರಂಥಿಯೊಳಗೆ ಇಂಥ ಹಲವು ಎಳೆಗಳನ್ನು ಇಳಿಸಿ ವಿವರವಾದ ತಾಪನಕ್ಷೆಗಳನ್ನು ತಯಾರಿಸಿದರು. ಸಂಶೋಧನೆಗೆ ಅದು ಸರಿ, ದಿನನಿತ್ಯದ ಚಿಕಿತ್ಸೆಯಲ್ಲಿ ಪ್ರತಿ ರೋಗಿಗೂ ಹತ್ತಾರು ಸೂಜಿ ಚುಚ್ಚುವುದಾದರೆ ಶಸ್ತ್ರಚಿಕಿತ್ಸೆ ತಪ್ಪಿಸಿದ ಭಾಗ್ಯವೇನು? ಎರಡು ಸೂಜಿಗಳ ನಡುವಿನ ಜಾಗವನ್ನು ಲೆಕ್ಕದಿಂದ ತುಂಬಬೇಕು. ಕಂಪ್ಯೂಟರ್ ಬರುವುದು ಇಲ್ಲಿ.

40 ಮಿಲಿಲೀಟರ್ ಗಾತ್ರದ ಗ್ರಂಥಿಯನ್ನು ಒಂದೊಂದು ಮಿಲಿಮೀಟರ್‌ನ ಘನಗಳಾಗಿ ಕತ್ತರಿಸಿದಂತೆ ಭಾವಿಸಿಕೊಂಡರೆ 40,000 ತುಂಡುಗಳಾಗುತ್ತವೆ. ಸುತ್ತಲಿನ ಮೂತ್ರಕೋಶ, ಗುದನಾಳ, ಕೊಬ್ಬು ಸೇರಿಸಿದರೆ ಇನ್ನೂ ಹೆಚ್ಚು. ಪ್ರತಿ ತುಂಡಿಗೂ ಈ ಕ್ಷಣ ಬಂದ ಮೈಕ್ರೋವೇವ್ ಶಕ್ತಿ ಎಷ್ಟು, ಪಕ್ಕದ ಆರು ತುಂಡುಗಳಿಗೆ ಹೋದ ಅಥವಾ ಅವುಗಳಿಂದ ಬಂದ ಶಾಖ ಎಷ್ಟು, ಅದರೊಳಗೆ ಹರಿಯುವ ರಕ್ತ ಹೊತ್ತೊಯ್ದದ್ದು ಎಷ್ಟು ಎಂದು ಕೂಡಿ ಕಳೆದು ಮುಂದಿನ ಕ್ಷಣದ ತಾಪ ಕಂಡುಹಿಡಿಯುವುದು. ಮತ್ತೆ ಮೊದಲಿನಿಂದ. ಒಂದು ಗಂಟೆಯ ಚಿಕಿತ್ಸೆಗೆ ಇದನ್ನು ಸಾವಿರಾರು ಸಲ ಮಾಡಬೇಕು. ಬೇಸರದ ಕೆಲಸ, ಆದರೆ ಕಂಪ್ಯೂಟರ್‌ಗೆ ಬೇಸರವಿಲ್ಲ.

ಕೂಡಿ ಕಳೆಯುವ ಈ ಸೂತ್ರದ ಒಡೆಯ ಪ್ರಾಸ್ಟೇಟ್ ಬಗ್ಗೆ ಯೋಚಿಸಿದವನೇ ಅಲ್ಲ. ಹ್ಯಾರಿ ಪೆನ್ನೆಸ್ ಎಂಬ ನ್ಯೂಯಾರ್ಕಿನ ವೈದ್ಯ 1948ರಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗಿನ ತೋಳು ಹೇಗೆ ಬೆಚ್ಚಗಿರುತ್ತದೆ ಎಂದು ತಿಳಿಯಲು ಹೊರಟ. ಸ್ವಯಂಸೇವಕರ ತೋಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತಾಪಮಾಪಕದ ತಂತಿ ಹಾಯಿಸಿ, ಚರ್ಮದಿಂದ ನಡುಭಾಗದವರೆಗೆ ತಾಪ ಹೇಗೆ ಏರುತ್ತದೆ ಎಂದು ಗುರುತು ಹಾಕಿಕೊಂಡ. ನಂತರ, ಲೋಹದ ಸಲಾಕೆಯಲ್ಲಿ ಶಾಖ ಸಾಗುವ ಹಳೆಯ ಸಮೀಕರಣಕ್ಕೆ ಒಂದೇ ಒಂದು ಪದ ಸೇರಿಸಿದ. ಅಪಧಮನಿಯ ರಕ್ತಕ್ಕೂ ಅಂಗಾಂಶಕ್ಕೂ ಇರುವ ತಾಪದ ವ್ಯತ್ಯಾಸವನ್ನು ರಕ್ತಪ್ರವಾಹದಿಂದ ಗುಣಿಸಿದರೆ ರಕ್ತ ತಂದ ಅಥವಾ ಒಯ್ದ ಶಾಖ ಸಿಗುತ್ತದೆ, ಅಷ್ಟೇ. ಆ ಲೇಖನ ಬಂದದ್ದು ಜರ್ನಲ್ ಆಫ್ ಅಪ್ಲೈಡ್ ಫಿಸಿಯಾಲಜಿಯ ಮೊದಲ ಸಂಪುಟದಲ್ಲಿ. ಇಂದಿಗೂ ದೇಹದೊಳಗಿನ ಬಿಸಿಯ ಲೆಕ್ಕ ಹಾಕುವವರು ಬಹುಪಾಲು ಇಲ್ಲಿಂದಲೇ ಶುರುಮಾಡುತ್ತಾರೆ.

ಆ ಒಂದು ಪದದ ತೂಕ ಎಷ್ಟೆಂದು ಕಾಗದದ ಮೇಲೇ ನೋಡಬಹುದು. ಒಂದು ಗ್ರಾಂ ಮಾಂಸ ಸೆಕೆಂಡಿಗೆ 0.1 ಜೂಲ್ ಶಕ್ತಿ ಹೀರುತ್ತಿದೆ ಅನ್ನೋಣ. ರಕ್ತವೇ ಇಲ್ಲದಿದ್ದರೆ, ಅಕ್ಕಪಕ್ಕಕ್ಕೆ ಶಾಖ ಸೋರದಿದ್ದರೆ, ತಾಪ ನಿಮಿಷಕ್ಕೆ ಸುಮಾರು 1.7 ಡಿಗ್ರಿ ಏರುತ್ತದೆ. ಹತ್ತು ನಿಮಿಷದಲ್ಲಿ 37ರಿಂದ 54. ಈಗ ಅದೇ ಒಂದು ಗ್ರಾಂ ಮೂಲಕ ನಿಮಿಷಕ್ಕೆ ಕಾಲು ಮಿಲಿಲೀಟರ್ ರಕ್ತ ಹರಿಸಿ. ತಾಪ 43ರ ಹತ್ತಿರ ನಿಂತುಬಿಡುತ್ತದೆ, ಎಷ್ಟು ಹೊತ್ತು ಕಾಯಿಸಿದರೂ ಮೇಲೇರುವುದಿಲ್ಲ. ರಕ್ತ ಅರ್ಧ ಮಿಲಿಲೀಟರ್ ಆದರೆ 40ಕ್ಕೇ ಮುಗಿಯಿತು, ಅದು ಜ್ವರ ಬಂದಷ್ಟೇ. ಬಚ್ಚಲ ಹಂಡೆಗೆ ಒಂದು ಕಡೆಯಿಂದ ಉರಿ ಹಾಕುತ್ತಾ ಇನ್ನೊಂದು ಕಡೆ ತಣ್ಣೀರಿನ ನಲ್ಲಿ ಬಿಟ್ಟಂತೆ: ಎಷ್ಟು ಸೌದೆ ಸುಟ್ಟೆವು ಎನ್ನುವುದಕ್ಕಿಂತ ನಲ್ಲಿ ಎಷ್ಟು ತೆರೆದಿದೆ ಎನ್ನುವುದೇ ನೀರಿನ ಬಿಸಿಯನ್ನು ತೀರ್ಮಾನಿಸುತ್ತದೆ.

ಉಳಿದ ಅಂಶಗಳು ಅಷ್ಟು ಕಾಡುವುದಿಲ್ಲ. ಮಾಂಸದ ಶಾಖವಾಹಕತೆ ಹೆಚ್ಚುಕಡಿಮೆ ನೀರಿನದ್ದೇ, ರೋಗಿಯಿಂದ ರೋಗಿಗೆ ಹೆಚ್ಚು ಬದಲಾಗದು. ಆಂಟೆನಾದ ಶಕ್ತಿ ಎಲ್ಲಿ ಎಷ್ಟು ಬೀಳುತ್ತದೆ ಎಂಬುದನ್ನು ಮಾಂಸದ ವಿದ್ಯುತ್ ಗುಣಗಳನ್ನು ಅನುಕರಿಸುವ ಜೆಲ್ ಮುದ್ದೆಯಲ್ಲಿ ಮೊದಲೇ ಅಳೆಯಬಹುದು. ಯಂತ್ರ ಹಚ್ಚಿದ ಮೊದಲ ಸೆಕೆಂಡುಗಳಲ್ಲಿ, ಶಾಖ ಇನ್ನೂ ಅತ್ತಿತ್ತ ಹರಡುವ ಮುನ್ನ, ಪ್ರತಿ ಬಿಂದುವಿನ ತಾಪ ಏರುವ ವೇಗವೇ ಅಲ್ಲಿ ಬಿದ್ದ ಶಕ್ತಿಯ ಅಳತೆ. ರಕ್ತವನ್ನು ಮಾತ್ರ ಜೆಲ್‌ನಲ್ಲಿ ಹರಿಸಲಾಗದು. ಒಬ್ಬನ ಗ್ರಂಥಿಯಲ್ಲಿ ಹರಿಯುವುದಕ್ಕಿಂತ ಇನ್ನೊಬ್ಬನದರಲ್ಲಿ ಹಲವು ಪಟ್ಟು ಹೆಚ್ಚು ಹರಿಯಬಹುದು. ಹೊರಗಿನಿಂದ ಗಾತ್ರ ನೋಡಿ, ವಯಸ್ಸು ಕೇಳಿ ಅದನ್ನು ಹೇಳಲಾಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು, ರಕ್ತದ ಹರಿವು ಸ್ಥಿರವಾಗಿಯೂ ಇರುವುದಿಲ್ಲ. ಬಿಸಿಯಾದ ಕೂಡಲೇ ರಕ್ತನಾಳಗಳು ಹಿಗ್ಗುತ್ತವೆ, ಬಿಸಿಯನ್ನು ತೊಳೆದು ಹಾಕಲು ಹೆಚ್ಚು ರಕ್ತ ನುಗ್ಗುತ್ತದೆ. ಇನ್ನೂ ಬಿಸಿಯಾದರೆ, ಒಂದು ಹಂತ ದಾಟಿದ ಮೇಲೆ, ನಾಳಗಳೇ ಸುಟ್ಟು ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಆಗ ತಣಿಸುವವರೇ ಇಲ್ಲದೆ ತಾಪ ಜಿಗಿಯುತ್ತದೆ. ಮನುಷ್ಯನಂತೆ ತಾನಾಗಿಯೇ ಪ್ರಾಸ್ಟೇಟ್ ಬೆಳೆಯುವ ಕೆಲವೇ ಪ್ರಾಣಿಗಳಲ್ಲಿ ನಾಯಿ ಒಂದು. ಲಿಸಾ ಷು, ಲಿಯಾಂಗ್ ಝು, ಕೆನೆತ್ ಹೋಮ್ಸ್ 1998ರಲ್ಲಿ ಎರಡು ಭಾಗಗಳಲ್ಲಿ ಪ್ರಕಟಿಸಿದ ಪ್ರಯೋಗಗಳು ನಾಯಿಯ ಗ್ರಂಥಿಯಲ್ಲಿ ಇದನ್ನೇ ಅಳೆದವು: ಮೊದಲ ಭಾಗ ತಾಪದ ಕಥೆ, ಎರಡನೆಯದು ರಕ್ತದ ಕಥೆ. ಎರಡನೆಯದಿಲ್ಲದೆ ಮೊದಲನೆಯದು ಅರ್ಥವಾಗುವುದಿಲ್ಲ. ಈ ಲೆಕ್ಕದ ಮಾದರಿ ಬರೆಯುವವನು ಇದರಿಂದ ಸುಸ್ತಾಗುತ್ತಾನೆ, ಏಕೆಂದರೆ ತಾಪ ತಿಳಿಯಲು ರಕ್ತಪ್ರವಾಹ ಬೇಕು, ರಕ್ತಪ್ರವಾಹ ತಿಳಿಯಲು ತಾಪ ಬೇಕು.

ಬಿಸಿಗೂ ರಕ್ತಕ್ಕೂ ನಡುವಿನ ಈ ಪೈಪೋಟಿ ಯಂತ್ರಗಳ ಚರಿತ್ರೆಯಲ್ಲೂ ಕಾಣುತ್ತದೆ. ಪ್ರಾಸ್ಟಾಟ್ರಾನ್‌ನ ಚಿಕಿತ್ಸಾಕ್ರಮಗಳು ಅದರ ತಂತ್ರಾಂಶದ ಆವೃತ್ತಿಗಳ ಹೆಸರಿನಿಂದಲೇ ವೈದ್ಯರ ಬಾಯಲ್ಲಿ ಉಳಿದವು: ಪ್ರಾಸ್ಟಾಸಾಫ್ಟ್ 2.0, 2.5, 3.5. ಒಂದು ಚಿಕಿತ್ಸೆ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಬದಲಾದದ್ದು ಆ ಕಾಲಕ್ಕೆ ವಿಚಿತ್ರವೇ. ಮೊದಲನೆಯದು ನಿಧಾನವಾಗಿ ಶಕ್ತಿ ಏರಿಸುತ್ತಾ ಹೋಗುತ್ತಿತ್ತು, ರೋಗಿಗೆ ಹಿತ, ಆದರೆ ರಕ್ತನಾಳಗಳಿಗೆ ಹಿಗ್ಗಲು ಬೇಕಾದಷ್ಟು ಸಮಯ. 3.5 ಬರುವ ಹೊತ್ತಿಗೆ ದಾರಿ ತಿರುವುಮುರುವಾಯಿತು: ಆರಂಭದಲ್ಲೇ 80 ವಾಟ್, ಒಂದು ಗಂಟೆಯ ಬದಲು ಅರ್ಧ ಗಂಟೆ. ದೇಹ ಎಚ್ಚೆತ್ತುಕೊಳ್ಳುವ ಮೊದಲೇ ನುಗ್ಗುವ ಉಪಾಯ.

ತಾಪ ಸಿಕ್ಕಿತು ಅನ್ನೋಣ, ಅಲ್ಲಿಗೆ ಮುಗಿಯಲಿಲ್ಲ. ಜೀವಕೋಶ ಸತ್ತಿತೇ ಎಂಬುದು ತಾಪ ಮತ್ತು ಸಮಯ ಎರಡನ್ನೂ ಅವಲಂಬಿಸುತ್ತದೆ. ಇದರ ಅಡಿಪಾಯವೂ ಹಳೆಯದು. ಹಾರ್ವರ್ಡ್‌ನಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬಿಬ್ಬರು ಹಂದಿಯ ಚರ್ಮವನ್ನು, ಆಮೇಲೆ ಮನುಷ್ಯರ ಚರ್ಮವನ್ನು ಬೇರೆ ಬೇರೆ ಬಿಸಿಗೆ ಬೇರೆ ಬೇರೆ ಹೊತ್ತು ಒಡ್ಡಿ 1947ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 44 ಡಿಗ್ರಿಯಲ್ಲಿ ಚರ್ಮ ಸುಡಲು ಸುಮಾರು ಆರು ಗಂಟೆ ಬೇಕು, 60 ಡಿಗ್ರಿಯಲ್ಲಿ ಐದು ಸೆಕೆಂಡ್ ಸಾಕು. ಹೆನ್ರಿಕ್ಸ್ ಇದನ್ನು ರಾಸಾಯನಿಕ ಕ್ರಿಯೆಗಳ ವೇಗ ಹೇಳುವ ಅರ‍್ಹೀನಿಯಸ್ ಸೂತ್ರದ ರೂಪಕ್ಕೆ ತಂದ. 1984ರಲ್ಲಿ ಸಪಾರೆಟೊ ಮತ್ತು ಡ್ಯೂಯಿ ಕ್ಯಾನ್ಸರ್ ಚಿಕಿತ್ಸೆಗಾಗಿ ಇನ್ನೂ ಸುಲಭದ ಲೆಕ್ಕ ಕೊಟ್ಟರು: 43ರ ಮೇಲೆ ಒಂದು ಡಿಗ್ರಿ ಏರಿದರೆ ಬೇಕಾಗುವ ಸಮಯ ಅರ್ಧವಾಗುತ್ತದೆ. 45 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿಯುವ ಹಾನಿ 50ರಲ್ಲಿ ಎರಡೇ ನಿಮಿಷದಲ್ಲಿ ಆಗುತ್ತದೆ. ಇದರ ಹಿಂದಿನ ಎಚ್ಚರಿಕೆಯನ್ನೂ ಓದಿಕೊಳ್ಳಬೇಕು. ಮಾದರಿ ತಾಪವನ್ನು ಬರೀ ಮೂರು ಡಿಗ್ರಿ ತಪ್ಪಾಗಿ ಹೇಳಿದರೆ ಸಮಯದ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಮೂರು ಡಿಗ್ರಿ ತಪ್ಪಲು ರಕ್ತಪ್ರವಾಹದ ಊಹೆ ಎಷ್ಟು ತಪ್ಪಬೇಕು ಎಂಬುದನ್ನು ಮೇಲಿನ ಉದಾಹರಣೆಯಲ್ಲೇ ನೋಡಿದೆವು.

ಹೀಗಾಗಿ, ಪುಸ್ತಕದಲ್ಲಿ ಸಿಗುವ ಸರಾಸರಿ ರಕ್ತಪ್ರವಾಹ ಹಾಕಿ ಕಂಪ್ಯೂಟರ್‌ನಲ್ಲಿ ಕೆಂಪು ಹಳದಿ ನೀಲಿ ಬಣ್ಣದ ಚಂದದ ಚಿತ್ರ ಬಿಡಿಸುವ ಮಾದರಿಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಆಂಟೆನಾ ವಿನ್ಯಾಸ ಮಾಡುವವರಿಗೆ ಅವು ಬೇಕು, ಎರಡು ಯಂತ್ರಗಳನ್ನು ಹೋಲಿಸಲು ಬೇಕು. ಮೇಜಿನ ಮೇಲೆ ಮಲಗಿರುವ ಈ ಮನುಷ್ಯನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಅದನ್ನು ಹೇಳಿಸುವ ಜಾಣತನ ಬಂದದ್ದು ಸ್ವೀಡನ್ನಿನಿಂದ. ಲುಂಡ್ ಊರಿನ ಪ್ರಾಸ್ಟಾಲುಂಡ್ ಸಂಸ್ಥೆಯ ಯಂತ್ರದಲ್ಲಿ ಕ್ಯಾಥೆಟರ್‌ನಿಂದ ಹೊರಚಾಚುವ ಒಂದು ತೆಳು ಸೂಜಿ ಗ್ರಂಥಿಯೊಳಕ್ಕೆ ಹೋಗುತ್ತದೆ. ಅದರಲ್ಲಿ ತಾಪ ಅಳೆಯುವ ಕೆಲವೇ ಬಿಂದುಗಳು. ಮಾಗ್ನಸ್ ಬೊಲ್ಮ್‌ಷೊ ಮತ್ತು ಸಂಗಡಿಗರು ಪೆನ್ನೆಸ್‌ನ ಸಮೀಕರಣವನ್ನು ಹಿಂದುಮುಂದಾಗಿ ಓಡಿಸಿದರು. ಎಷ್ಟು ಶಕ್ತಿ ಕೊಡುತ್ತಿದ್ದೇವೆ ಎಂಬುದು ಗೊತ್ತು, ಈ ಬಿಂದುಗಳಲ್ಲಿ ಎಷ್ಟು ಬಿಸಿಯಾಗಿದೆ ಎಂಬುದೂ ಗೊತ್ತು. ಹಾಗಾದರೆ ಈ ಎರಡಕ್ಕೂ ತಾಳೆಯಾಗಬೇಕಾದರೆ ರಕ್ತ ಎಷ್ಟು ಹರಿಯುತ್ತಿರಬೇಕು? ಉತ್ತರ ಸಿಕ್ಕ ಮೇಲೆ ಅದನ್ನೇ ಇಟ್ಟುಕೊಂಡು ಇಡೀ ಗ್ರಂಥಿಯ ತಾಪ ಲೆಕ್ಕ ಹಾಕುವುದು, ಹೆನ್ರಿಕ್ಸ್‌ನ ಸೂತ್ರದಿಂದ ಎಷ್ಟು ಗ್ರಾಂ ಮಾಂಸ ಸತ್ತಿದೆ ಎಂದು ಅಂದಾಜು ಮಾಡುವುದು, ಚಿಕಿತ್ಸೆ ನಡೆಯುತ್ತಿರುವಂತೆಯೇ ಪರದೆಯ ಮೇಲೆ ತೋರಿಸುವುದು. ರಕ್ತ ಹೆಚ್ಚಿದರೆ ಲೆಕ್ಕವೂ ಬದಲಾಗುತ್ತದೆ, ವೈದ್ಯ ಶಕ್ತಿ ಏರಿಸುತ್ತಾನೆ. ಗಡಿಯಾರ ನೋಡಿ ನಿಲ್ಲಿಸುವುದರ ಬದಲು ಗುರಿ ಇಟ್ಟಷ್ಟು ಅಂಗಾಂಶ ಸತ್ತಿದೆ ಎಂದು ಲೆಕ್ಕ ಹೇಳಿದಾಗ ನಿಲ್ಲಿಸುವುದು. ಒಬ್ಬನಿಗೆ ಬೇಗ, ಇನ್ನೊಬ್ಬನಿಗೆ ತಡವಾಗಿ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎದ್ದು ಕಾಣುವುದು ಇದೇ. ತನಗೆ ತಿಳಿಯದಿರುವುದು ಯಾವುದು ಎಂದು ಗೊತ್ತಿರುವ ಮಾದರಿ ಇದು, ಅದನ್ನು ಪ್ರತಿ ಕ್ಷಣ ರೋಗಿಯ ದೇಹವನ್ನೇ ಕೇಳಿ ತಿಳಿದುಕೊಳ್ಳುತ್ತದೆ. 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸ್ಕ್ಯಾಂಡಿನೇವಿಯಾ ಮತ್ತು ಅಮೆರಿಕದ ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಈ ಚಿಕಿತ್ಸೆ, ಕೆಲವರಿಗೆ ಟಿಯುಆರ್‌ಪಿ ಮಾಡಿದಾಗ ಒಂದು ವರ್ಷದ ಫಲ ಹೆಚ್ಚುಕಡಿಮೆ ಸಮವಾಗಿತ್ತು. ಐದು ವರ್ಷಗಳ ನಂತರದ ವರದಿಯೂ ಅದೇ ದಿಕ್ಕಿನಲ್ಲಿತ್ತು. ಆದರೆ ಸತ್ತ ಮಾಂಸ ಊದಿಕೊಂಡು ಆಮೇಲೆ ಕರಗುವವರೆಗೆ ಮೂತ್ರದ ಟ್ಯೂಬ್ ಹೆಚ್ಚು ದಿನ ಇಟ್ಟುಕೊಳ್ಳಬೇಕು. ಆ ಕಿರಿಕಿರಿಯನ್ನು ಯಾವ ಸಮೀಕರಣವೂ ತಪ್ಪಿಸಲಿಲ್ಲ.

ಇನ್ನು ಸ್ವೀಡನ್ನಿನದೇ ಕಾಲ್ಮಾರ್ ಊರಿನ ಮೂತ್ರರೋಗ ತಜ್ಞ ಸೋನಿ ಶೆಲಿನ್ ಮಾಡಿದ್ದು ಇನ್ನೊಂದು ಬಗೆಯದು. ರಕ್ತಪ್ರವಾಹವನ್ನು ಲೆಕ್ಕ ಹಾಕುವ ತಾಪತ್ರಯವೇಕೆ, ಅದನ್ನೇ ತಗ್ಗಿಸಿದರಾಯಿತಲ್ಲ ಎಂದ. ಹಲ್ಲಿನ ಡಾಕ್ಟರು ವಸಡಿಗೆ ಚುಚ್ಚುವಂಥದೇ ಮದ್ದು, ಅಡ್ರಿನಲಿನ್ ಬೆರೆಸಿದ ಮರಗಟ್ಟಿಸುವ ಔಷಧ. ವಿಶೇಷ ಕ್ಯಾಥೆಟರ್ ಮೂಲಕ ಅದನ್ನು ಗ್ರಂಥಿಗೇ ಚುಚ್ಚಿದರೆ ನೋವೂ ಇಲ್ಲ, ಅಡ್ರಿನಲಿನ್‌ಗೆ ರಕ್ತನಾಳಗಳು ಮುದುಡಿ ಹರಿವೂ ತಗ್ಗುತ್ತದೆ. ಕಡಿಮೆ ಶಕ್ತಿಯಲ್ಲಿ ಬೇಗ ಕಾಯುತ್ತದೆ. ಒಂದು ಗಂಟೆಯವರೆಗೆ ಹಿಡಿಯುತ್ತಿದ್ದ ಚಿಕಿತ್ಸೆ ಕಾಲು ಗಂಟೆಯೊಳಗೆ ಇಳಿಯಿತು.

ಲೆಕ್ಕದ ಹೊರಗೆ ಉಳಿಯುವ ಸಂಗತಿಗಳೂ ಇವೆ, ಅವು ಪುಸ್ತಕದ ಮಾತಲ್ಲ. 2000ದ ಅಕ್ಟೋಬರ್‌ನಲ್ಲಿ ಎಫ್‌ಡಿಎ ಮೈಕ್ರೋವೇವ್ ಚಿಕಿತ್ಸೆಯಿಂದಾದ ಗಂಭೀರ ಸುಟ್ಟಗಾಯಗಳ ಬಗ್ಗೆ ಅಮೆರಿಕದ ವೈದ್ಯರಿಗೆ ಎಚ್ಚರಿಕೆ ಹೊರಡಿಸಿತು. ಗುದನಾಳಕ್ಕೂ ಮೂತ್ರನಾಳಕ್ಕೂ ನಡುವೆ ತೂತು ಬಿದ್ದ ಪ್ರಕರಣಗಳೂ ಇದ್ದವು. ಕಾರಣಗಳ ಪಟ್ಟಿ ನೋಡಿದರೆ ಒಂದೂ ಸಮೀಕರಣದ ತಪ್ಪಲ್ಲ: ಕ್ಯಾಥೆಟರ್ ಅಥವಾ ಗುದನಾಳದ ತಾಪಮಾಪಕ ಜಾರಿದ್ದನ್ನು ನೋಡದೇ ಇದ್ದದ್ದು, ರೋಗಿಯ ಪಕ್ಕದಿಂದ ವೈದ್ಯ ಎದ್ದು ಹೋದದ್ದು, ಹಿಂದೆ ಆ ಭಾಗಕ್ಕೆ ವಿಕಿರಣ ಚಿಕಿತ್ಸೆ ಆಗಿದ್ದವರನ್ನು ಆರಿಸಿಕೊಂಡದ್ದು. ಮತ್ತೊಂದು, ನಿದ್ರೆ ಬರಿಸುವ ಔಷಧವನ್ನು ಹೆಚ್ಚು ಕೊಟ್ಟದ್ದು. ಉರಿಯುತ್ತಿದೆ ಎಂದು ಹೇಳಬೇಕಾದ ಮನುಷ್ಯನೇ ಮಲಗಿಬಿಟ್ಟರೆ ಹೇಳುವವರಾರು? ಸಾವಿರಾರು ಘನಗಳ ಲೆಕ್ಕಕ್ಕಿಂತ ಒಂದು ಅಯ್ಯೋ ಎಂಬ ಉದ್ಗಾರ ಬೇಗ ತಲುಪುತ್ತದೆ.

ಪೆನ್ನೆಸ್‌ನ ಪದಕ್ಕೂ ಆಕ್ಷೇಪಗಳಿವೆ. ರಕ್ತ ಅತಿ ಸಣ್ಣ ಲೋಮನಾಳಗಳಲ್ಲಿ ಶಾಖ ಬದಲಾಯಿಸಿಕೊಳ್ಳುತ್ತದೆ ಎಂದು ಆತ ಹಿಡಿದಿದ್ದ. 1980ರಲ್ಲಿ ಚೆನ್ ಮತ್ತು ಹೋಮ್ಸ್, ಅಷ್ಟು ಹೊತ್ತಿಗೆ ರಕ್ತ ಸುತ್ತಲಿನ ಮಾಂಸದ ತಾಪಕ್ಕೆ ಬಂದೇಬಿಟ್ಟಿರುತ್ತದೆ, ವಿನಿಮಯ ಆಗುವುದು ಅದಕ್ಕಿಂತ ದೊಡ್ಡ ನಾಳಗಳಲ್ಲಿ ಎಂದು ತೋರಿಸಿದರು. ಐದು ವರ್ಷ ಬಿಟ್ಟು ವೈನ್‌ಬಾಮ್ ಮತ್ತು ಜಿಜಿ ಜೋಡಿಯಾಗಿ ಎದುರುಬದುರು ಹರಿಯುವ ನಾಳಗಳನ್ನು ಹಿಡಿದು ಬೇರೆಯೇ ಸಮೀಕರಣ ಬರೆದರು. ವಾದ ಸರಿಯೇ. ಆದರೂ ಆಸ್ಪತ್ರೆಯಲ್ಲಿ ಹಳೆಯದೇ ಬಾಳಿತು, ಏಕೆಂದರೆ ಅದರಲ್ಲಿ ಹೊಂದಿಸಿಕೊಳ್ಳಬೇಕಾದ ಅಂಕಿ ಒಂದೇ.

ಮೈಕ್ರೋವೇವ್ ಚಿಕಿತ್ಸೆಯ ಭರಾಟೆ ಈಗಿಲ್ಲ. ಟಿಯುಆರ್‌ಪಿಗಿಂತ ಮರುಚಿಕಿತ್ಸೆ ಹೆಚ್ಚು ಬೇಕಾಗುತ್ತದೆ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೇ ಹೇಳಿದೆ. ಬಿಸಿಯ ವಿಚಾರ ಮಾತ್ರ ಸಾಯಲಿಲ್ಲ, 2015ರಲ್ಲಿ ಎಫ್‌ಡಿಎ ಒಪ್ಪಿದ ರೆಜ಼ೂಮ್ ಎಂಬ ವಿಧಾನದಲ್ಲಿ ಹಬೆಯಾಗಿ ಮರಳಿತು. ಮೂತ್ರನಾಳದ ಮೂಲಕ ಹೋದ ಉಪಕರಣದಿಂದ ಸೂಜಿಯೊಂದು ಗ್ರಂಥಿಯೊಳಗೆ ಚಾಚಿ ಒಂಬತ್ತು ಸೆಕೆಂಡ್ ಹಬೆ ಊದುತ್ತದೆ. ಅರ್ಧ ಮಿಲಿಲೀಟರ್‌ನಷ್ಟು ನೀರಿನ ಹಬೆ. ಅದು ಜೀವಕೋಶಗಳ ನಡುವಿನ ಸಂದಿಗಳಲ್ಲಿ ನುಸುಳಿ, ತಣ್ಣಗಿನ ಮಾಂಸಕ್ಕೆ ತಾಗಿ ಮತ್ತೆ ನೀರಾಗುವಾಗ ಗ್ರಾಂಗೆ ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಲೆಕ್ಕ ಎಷ್ಟು ಹಗುರಾಯಿತು ನೋಡಿ. ಹೋದ ಶಕ್ತಿ ಎಷ್ಟೆಂದು ನೀರಿನ ಅಳತೆಯೇ ಹೇಳುತ್ತದೆ. ರಕ್ತ ಬಿಸಿಯನ್ನು ತೊಳೆದುಹಾಕಲು ನಿಮಿಷಗಳು ಬೇಕು, ಮಾಂಸದಲ್ಲಿ ಶಾಖ ಒಂದು ಸೆಂಟಿಮೀಟರ್ ಹರಡಲು ಹತ್ತು ಹನ್ನೆರಡು ನಿಮಿಷ ಬೇಕು, ಇಲ್ಲಿ ಎಲ್ಲ ಮುಗಿಯುವುದು ಒಂಬತ್ತು ಸೆಕೆಂಡಿನಲ್ಲಿ. ಪೆನ್ನೆಸ್ ಸೇರಿಸಿದ ಪದವನ್ನು ಅಷ್ಟು ಹೊತ್ತಿಗೆ ಸೊನ್ನೆ ಎಂದು ಬರೆದರೂ ಹೆಚ್ಚೇನೂ ತಪ್ಪಾಗದು. ಉಳಿಯುವ ಪ್ರಶ್ನೆ ಎಷ್ಟು ಕಡೆ ಚುಚ್ಚಬೇಕು ಎನ್ನುವುದು. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ. ಮೂತ್ರಕೋಶದ ಬಾಯಿಂದ ಕೆಳಗೆ ಸರಿಯುತ್ತಾ, ಸುಮಾರು ಒಂದು ಸೆಂಟಿಮೀಟರ್‌ಗೆ ಒಂದರಂತೆ ಚುಚ್ಚುತ್ತಾ, ವೈದ್ಯ ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾನೆ.